ಮನೆಯ ಹಣ್ಣು, ಅಂಗಡಿಯ ಹಣ್ಣು

ವೆಲ್ಡಿಂಗ್ ಅಂಗಡಿಯ ಮುಂದೆ ಆ ಬೆಳ್ಳುಳ್ಳಿಯಂಥ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ನೆನಪಾಗುವುದು ಮಾವಿನಹಣ್ಣು.

ಚಾಮರಾಜಪೇಟೆಯಲ್ಲಿ ನಮ್ಮದು ಹಣ್ಣಿನ ಅಂಗಡಿ, ಹಿಂದೆಯೇ ಮನೆ. ಮಾರುವ ಕಾಯಿಗಳು ಬೇಗ ಹಳದಿಯಾಗಲೆಂದು ಅವುಗಳ ನಡುವೆ, ವೆಲ್ಡಿಂಗಿನವರು ಬಳಸುವ ಅದೇ ಘಾಟಿನ ಕಾರ್ಬೈಡ್ ಪುಡಿಯ ಪೊಟ್ಟಣ ಇಡುತ್ತಿದ್ದರು. ನಾವು ತಿನ್ನುವ ಕಾಯಿ ಮಾತ್ರ ಅಜ್ಜಿಯ ಮಂಚದಡಿ ಹುಲ್ಲಿನಲ್ಲಿ ನಿಧಾನವಾಗಿ ಹಣ್ಣಾಗುತ್ತಿತ್ತು. "ಮೈಯೆಲ್ಲ ಒಂದೇ ಹಳದಿ ಇದ್ದು, ತೊಟ್ಟಿನ ಹತ್ರ ಪರಿಮಳ ಇಲ್ದಿದ್ರೆ ಮುಟ್ಬೇಡ. ಬಾಯಿ ಹುಣ್ಣಾಗತ್ತೆ, ಹೊಟ್ಟೆ ಉರಿಯತ್ತೆ," ಎಂದು ಅಜ್ಜಿಯೇ ನನಗೆ ಕಲಿಸಿದ್ದಳು.

ಚಿಕ್ಕಪ್ಪನನ್ನು ಹೊಸದಾಗಿ ಮದುವೆಯಾಗಿ ಬಂದಿದ್ದ ಚಿಕ್ಕಮ್ಮನೂ ಅದನ್ನು ಕಲಿತಿದ್ದಳು. ಕಲಿತದ್ದನ್ನು ಒಂದು ಬೆಳಿಗ್ಗೆ, ಹಣ್ಣು ಕೊಳ್ಳಲು ಬಂದ ಪಕ್ಕದ ಮನೆಯವರಿಗೆ ಹೇಳಿಬಿಟ್ಟಳು: "ಮಗೂಗೆ ಇದನ್ನ ಕೊಡ್ಬೇಡಿ, ಪುಡಿ ಹಾಕಿದ್ದು." ಅಜ್ಜಿ ಒಳಗಿನಿಂದ ಕೇಳಿಸಿಕೊಂಡಳು.

ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಬುಟ್ಟಿಯನ್ನು ಒಳಗೆ ತರಿಸಿ, ಬಸುರಿ ಚಿಕ್ಕಮ್ಮನನ್ನು ಎದುರಿಗೆ ಕೂರಿಸಿಕೊಂಡು, ತಾನೇ ಹಣ್ಣು ಹೆಚ್ಚಿ ಕೊಟ್ಟಳು. ಸಿಪ್ಪೆ ಅರಿಶಿನ ಬಳಿದ ಹಾಗಿತ್ತು. ಒಳಗೆ ಗೊರಟೆಯ ಸುತ್ತ ಬಿಳಿಚಿಕೊಂಡ ಹಸಿಕಾಯಿ. ಚಿಕ್ಕಮ್ಮ ಮೊದಲ ಹೋಳನ್ನು ಮೂಗಿನ ಹತ್ತಿರ ತಂದು ಹಾಗೇ ಕೂತಳು. ಅಡುಗೆಮನೆ ಬಾಗಿಲಲ್ಲಿದ್ದ ಅಮ್ಮ ಮುಖ ತಿರುಗಿಸಿಕೊಂಡಳು. ಚಿಕ್ಕಮ್ಮ ಒಂದೊಂದೇ ಹೋಳು ನುಂಗಿದಳು. ತುಟಿಯೆಲ್ಲ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು.

"ಹೇಗಿದೆ?" ಅಜ್ಜಿ ಕೇಳಿದಳು.

"ಚೆನ್ನಾಗಿದೆ ಅತ್ತೆ."

ಅಜ್ಜಿ ಬುಟ್ಟಿಯಿಂದ ಇನ್ನೊಂದು ಹಣ್ಣು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. "ಹಾಗಾದ್ರೆ ಇದನ್ನೂ ತಿನ್ನು. ನೀನೀಗ ಒಬ್ಳೇ ಅಲ್ವಲ್ಲ."