ಸವೆದ ಭಾಗಗಳು

ಮೇಸ್ತ್ರಿ ಕಳ್ಳ ಎಂಬ ಅನುಮಾನ ಅವಳಿಗೆ ಮೊದಲು ಬಂದದ್ದು ಕಾರ್ಬೊರೇಟರ್ ಬಿಚ್ಚಿದ ದಿನ.

"ಇದರ ಕಥೆ ಮುಗೀತು," ಎಂದ ಮುದುಕ, ಅದನ್ನು ಬೆಳಕಿಗೆ ಹಿಡಿದೂ ನೋಡದೆ. "ಸವೆದುಹೋಗಿದೆ. ಬೇರೆ ಹುಡುಕಬೇಕು."

"ಚೆನ್ನಾಗೇ ಇದೆಯಲ್ಲ ಮೇಸ್ತ್ರಿ?"

"ಅತ್ತಿಗೆ, ಮೇಸ್ತ್ರಿ ಅವರೋ ನೀವೋ?" ಕುರ್ಚಿಯಲ್ಲಿ ಕಾಲು ಚಾಚಿಕೊಂಡಿದ್ದ ಮೈದುನ ನಕ್ಕ. "ಹಳೇದನ್ನ ಗುಜರಿಗೆ ಹಾಕಿ ಮೇಸ್ತ್ರಿ. ಅಂಗಳದಲ್ಲಿ ಕಸ ಬೇಡ."

ಮೇಸ್ತ್ರಿ ಕಸವನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಚೀಲಕ್ಕಿಳಿಸಿದ. ಗುಜರಿಗೆ ಹೋಗುವ ಕಬ್ಬಿಣಕ್ಕೆ ಇಷ್ಟು ಉಪಚಾರ ಯಾಕೋ!

ಅಜ್ಜನ ಕಾಲದ ಆ ಮೋಟಾರ್‌ಸೈಕಲ್ಲನ್ನು ಅವಳು ಮತ್ತು ಗಂಡ ಸೇರಿಯೇ ಬದುಕಿಸಿದ್ದರು. ಅವನು ಬಿಚ್ಚುತ್ತಿದ್ದ, ಅವಳು ಸೀಮೆಎಣ್ಣೆಯಲ್ಲಿ ತೊಳೆದು ಕೈಗೆ ಕೊಡುತ್ತಿದ್ದಳು. ಓಡಿಸುವುದನ್ನೂ ಅವನೇ ಕಲಿಸಿದ್ದ. ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಮೈದುನನದೇ ದರ್ಬಾರು. ಗಾಡಿಯ ಕೀ ಅವನ ಸೊಂಟ ಸೇರಿತು. ಹಳೇ ವಾಹನಗಳ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಗಿಟ್ಟಿಸಬೇಕೆಂಬ ಹುಚ್ಚು ಅವನಿಗೆ ಹತ್ತಿತು.

ಅಕ್ಕನ ಊರಿಗೆ ಹೋಗಿ ಎಲ್ಲಾದರೂ ಕೆಲಸ ಹಿಡಿಯುತ್ತೇನೆ ಎಂದು ಅವಳು ಒಮ್ಮೆ ಬಾಯಿಬಿಟ್ಟು ಹೇಳಿದ್ದಳು.

"ಧಾರಾಳವಾಗಿ ಹೋಗಿ ಅತ್ತಿಗೆ. ನಿಮ್ಮನ್ನ ಯಾರು ಹಿಡ್ಕೊಂಡಿದ್ದಾರೆ? ಗಾಡಿ ಮಾತ್ರ ಮನೇದು."

ಅವನ ಮರ್ಮ ಅದೇ. ಗಂಡನದು ಅಂತ ಅವಳಿಗೆ ಉಳಿದದ್ದು ಅದೊಂದೇ, ಅದನ್ನು ಬಿಟ್ಟು ಅವಳು ಹೋಗಲಾರಳು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸರಪಳಿ ಬಿಗಿದಿದ್ದದ್ದು ಚಕ್ರಕ್ಕೆ, ಹೊಸ್ತಿಲು ದಾಟಲಾಗದೆ ಕೊಳೆಯುತ್ತಿದ್ದವಳು ಅವಳು.

ಭಾಗ ಹುಡುಕುವ ಕೆಲಸವೂ ಅವಳ ತಲೆಗೇ ಬಿತ್ತು. ಆ ಗಾಡಿಯ ಮೈ ಬಲ್ಲವರು ಮನೆಯಲ್ಲಿ ಬೇರೆ ಯಾರಿದ್ದರು? ಮಾದರಿಗೆಂದು ಹಳೆಯದನ್ನು ಕೇಳಿದರೆ ಮೇಸ್ತ್ರಿ ಕೊಡುತ್ತಿರಲಿಲ್ಲ. "ನಿನ್ನ ಕೈಗೇ ಅಳತೆ ಗೊತ್ತಲ್ಲಮ್ಮ," ಎನ್ನುತ್ತಿದ್ದ. ಗುಜರಿ ಬೀದಿಯ ಕತ್ತಲೆ ಅಂಗಡಿಗಳಲ್ಲಿ ಕೂತು, ಗ್ರೀಸು ಮೆತ್ತಿದ ಡಬ್ಬಗಳಿಗೆ ಮೊಣಕೈವರೆಗೆ ಕೈ ಹಾಕಿ ತಡಕುತ್ತಿದ್ದಳು.

"ಏನಮ್ಮಾ, ನಿಮ್ಮ ಗಾಡಿ ಮುದುಕಿಗೆ ಹಲ್ಲು ಸಿಕ್ತು ಅಂದ್ರಿ, ಈಗ ಮೊಣಕಾಲಾ?" ಎಂದು ಅಂಗಡಿಯವನು ಚುಡಾಯಿಸುತ್ತಿದ್ದ. ಅವಳಿಗೂ ನಗು ಬರುತ್ತಿತ್ತು. ಮನೆ ಹತ್ತಿರವಾದಂತೆ ಅದು ಆರಿಹೋಗುತ್ತಿತ್ತು.

ದೀಪ ಹೋಯಿತು. ಹ್ಯಾಂಡಲ್ ಹೋಯಿತು. ಚಕ್ರಗಳು, ಟ್ಯಾಂಕು. ಬೀಗ ಸಿಕ್ಕಿಹಾಕಿಕೊಳ್ಳುತ್ತದೆಂದು ಅದನ್ನೂ ಬದಲಿಸಿದ್ದಾಯಿತು. ಮೈದುನನ ಸೊಂಟಕ್ಕೆ ಹೊಸ ಕೀ ಬಂತು, ಹಳೇದು ಬೀಗದ ಜೊತೆ ಮೇಸ್ತ್ರಿಯ ಚೀಲ ಸೇರಿತು.

ಒಂದು ದಿನ ಮೇಸ್ತ್ರಿಯ ಅಂಗಡಿಯ ಕಪಾಟಿನಲ್ಲಿ ಗಂಡನ ಗಾಡಿಯ ದೀಪ ಕಂಡಿತು, ಒರೆಸಿ ಥಳಥಳ ಮಾಡಿಟ್ಟಿದ್ದ. ಮತ್ತೊಮ್ಮೆ ಹೋದಾಗ ಇರಲಿಲ್ಲ.

"ಆ ದೀಪ ಎಲ್ಲಿ ಮೇಸ್ತ್ರಿ?"

"ಸೇರಬೇಕಾದ ಕಡೆ ಸೇರ್ತು."

ಮೈ ಉರಿದುಹೋಯಿತು. ನೆಟ್ಟಗೆ ಮನೆಗೆ ಬಂದು ಮೈದುನನಿಗೆ ಹೇಳಿದಳು: ಮುದುಕ ಸುಳ್ಳು ಹೇಳಿ ಅಸಲಿ ಭಾಗಗಳನ್ನೆಲ್ಲ ಲಪಟಾಯಿಸುತ್ತಿದ್ದಾನೆ, ಮಾರಿಕೊಳ್ಳುತ್ತಿದ್ದಾನೆ.

"ತುಕ್ಕು ತಿಂದ ಕಬ್ಬಿಣ ತಾನೆ, ತಿನ್ನಲಿ ಬಿಡಿ. ಗಾಡಿ ಈಗ ಹೇಗೆ ಮಿಂಚ್ತಿದೆ ನೋಡಿ!"

ಎಂಜಿನ್ ರಿಪೇರಿಗೆಂದು ಅಂಗಡಿಗೆ ಹೋಗಿ ಬಂತು. ಕೊನೆಗೆ, ಚಾಸಿಯಲ್ಲೇ ಬಿರುಕು ಬಿಟ್ಟಿದೆ ಎಂದ ಮೇಸ್ತ್ರಿ. ಅಸ್ಥಿಪಂಜರವೂ ಟೆಂಪೊ ಏರಿ ಹೋಯಿತು, ಕಪ್ಪು ಬಣ್ಣ ಬಳಿದುಕೊಂಡು ತಿರುಗಿ ಬಂತು.

ಪ್ರದರ್ಶನದಲ್ಲಿ ಬಹುಮಾನ ಬಂತು. ಮೈದುನ ಹಾರ ಹಾಕಿಸಿಕೊಂಡು ಬಂದು, ಅಂಗಳದಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಗುಡುಗಿಸಿದ. ಅವಳು ಕಿವಿಗೊಟ್ಟಳು. ಆ ಸದ್ದು ಅವಳು ಬಲ್ಲ ಸದ್ದಲ್ಲ. ಅವನು ಒಳಗೆ ಹೋದ ಮೇಲೆ ಹ್ಯಾಂಡಲ್ಲಿನಿಂದ ಹಿಂದಿನ ಚಕ್ರದವರೆಗೆ ಕೈಯಾಡಿಸಿದಳು. ಗಂಡನ ಕೈ ಮುಟ್ಟಿದ್ದ ಒಂದು ನಟ್ಟೂ ಅದರಲ್ಲಿ ಉಳಿದಿರಲಿಲ್ಲ. ಬದಲಿ ಭಾಗಗಳನ್ನು ತಾನೇ ಹುಡುಕಿ ತಂದು, ಅಸಲಿ ಗಾಡಿಯನ್ನು ತಾನೇ ಕಳೆದುಕೊಂಡಿದ್ದಳು. ಇನ್ನು ಯಾವುದಕ್ಕೆ ಈ ಕಾವಲು? ತನ್ನ ಪೆದ್ದುತನಕ್ಕೆ ಮನಸಾರೆ ಅತ್ತಳು.

ಮಾರನೆಯ ಬೆಳಿಗ್ಗೆ ಬಟ್ಟೆ ತುಂಬಿಕೊಂಡು ಹೊರಟಳು.

"ಗಾಡಿ ಇಲ್ಲೇ ಇರುತ್ತೆ, ಗೊತ್ತಲ್ಲ?" ಬಾಗಿಲಲ್ಲಿ ನಿಂತು ಮೈದುನ ಕೀಗೊಂಚಲು ಕುಲುಕಿದ.

"ಇರಲಿ."

ಅವನ ಪಕ್ಕದಿಂದಲೇ ಅವಳು ಹೊಸ್ತಿಲು ದಾಟಿದಳು.

ಬಸ್ಸು ಹಿಡಿಯುವ ಮುಂಚೆ ಒಂದು ಕೆಲಸ ಬಾಕಿಯಿತ್ತು. ಮೇಸ್ತ್ರಿಯ ಅಂಗಡಿಯೊಳಗೆ ನುಗ್ಗಿ ಅವಳು ಬಾಯಿಗೆ ಬಂದಂತೆ ಬೈದಳು. ಕಳ್ಳ ಅಂದಳು, ಸತ್ತವರ ಸೊತ್ತು ತಿಂದವನು ಅಂದಳು. ಮುದುಕ ಕೈಯ ಗ್ರೀಸು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ಮೊದಲೇ ಹೇಳಿದ್ರೆ ನಿನ್ನ ಮುಖ ನೋಡೇ ನಿನ್ನ ಮೈದುನನಿಗೆ ಗೊತ್ತಾಗಿಬಿಡ್ತಿತ್ತು," ಎಂದು ಹಿಂದಿನ ಕೋಣೆಯ ಬಾಗಿಲು ದೂಡಿದ.

ಒಳಗೆ ಅವಳ ಗಂಡನ ಗಾಡಿ ನಿಂತಿತ್ತು, ಪೂರ್ತಿಯಾಗಿ.

ಚೀಲ ಕೆಳಗಿಟ್ಟು ಅವಳು ಟ್ಯಾಂಕಿನ ಮೇಲೆ ಕೈಯಿಟ್ಟಳು. "ಮೇಸ್ತ್ರಿ... ಸವೆದಿದೆ, ಬಿರುಕು ಬಿಟ್ಟಿದೆ ಅಂತ ಹೇಳಿದ್ರಲ್ಲ..."

"ಯಾವುದಕ್ಕೂ ಏನೂ ಆಗಿರಲಿಲ್ಲ ಕಣಮ್ಮ. ಹತ್ತು."