ಸುಣ್ಣದ ಕೆಳಗಿನ ಗೆರೆ

ಆ ಊರಿನಲ್ಲಿ ಮುಂದಿನ ಮಳೆಗಾಲದ ನೆರೆ ಎಷ್ಟೆತ್ತರ ಬರುತ್ತದೆಂಬುದು ಬೇಸಿಗೆಯಲ್ಲೇ ಮನೆಮನೆಯ ಗೋಡೆಯ ಮೇಲೆ ಕಂದು ಗೆರೆಯಾಗಿ ಮೂಡುತ್ತಿತ್ತು. ಗೆರೆ ಸೊಂಟ ದಾಟಿದ ಮನೆಗಳನ್ನು ನಗರಸಭೆ ಕೊಂಡು, ಕೆಡವಿ, ಆ ಜಾಗದಲ್ಲಿ ನೀರು ನಿಲ್ಲುವ ಹೊಂಡ ತೋಡಿಸಿ ಸುತ್ತಲೂ ಪಾರ್ಕು ಮಾಡಿಸುತ್ತಿತ್ತು. ಈ ವರ್ಷದ ಬಜೆಟ್ಟಿನಲ್ಲಿ ಇನ್ನೊಂದೇ ಮನೆಗೆ ಅವಕಾಶವಿತ್ತು. ಪಟ್ಟಿ ಅಂದು ಸಂಜೆಯೇ ಮುಗಿಯುವುದಿತ್ತು.

ಬಡಗಿ ಸಿದ್ದಾಚಾರರ ಮನೆಯೊಳಗೆ ಕಾಲಿಟ್ಟ ಸರ್ವೇಯರ್ ಚಂದ್ರಪ್ರಭಾಳ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ಗೋಡೆಗಳೆಲ್ಲ ಬೆಳ್ಳಗಿದ್ದವು.

“ನಮ್ಮನೇಲಿ ಗೆರೆ ಬಂದಿಲ್ಲ ಮೇಡಂ. ಹಾಗಂತ ಬರ್ಕೊಂಡು ಹೋಗಿ,” ಎಂದರು ಆಚಾರರು. “ಈ ಮನೆಯ ಒಂದೊಂದು ತೊಲೆಗೂ ನಾನೇ ಉಳಿ ಹಿಡಿದಿದ್ದೀನಿ.”

“ಸುಳ್ಳು ಬರೆದ್ರೆ ಆಷಾಢದಲ್ಲಿ ಯಾರು ಜವಾಬ್ದಾರಿ, ಆಚಾರ್ರೇ?”

“ನಾನೇ. ನನಗೆ ಈಜು ಬರತ್ತೆ.”

“ಇಲ್ಲಿ ಬಾಮ್ಮ,” ಎಂದು ಒಳಕೋಣೆಯಿಂದ ಯಾರೋ ಕರೆದರು. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಆಚಾರರ ಹೆಂಡತಿ ಕಾಳಮ್ಮ. ಚಂದ್ರಪ್ರಭಾ ಒಳಗೆ ಹೋದಳು. ಅಲ್ಲೂ ಹೊಸ ಸುಣ್ಣ. ಕಾಳಮ್ಮ ಮಂಚದಿಂದ ಒಂದು ಮೊಳ ಮೇಲಕ್ಕೆ ಬೆರಳು ತೋರಿಸಿದರು.

“ಅಲ್ಲಿತ್ತು. ಇವರು ಸುಣ್ಣ ಬಳಿಯೋವರೆಗೂ ಹದಿನೈದು ದಿನ ಅದನ್ನೇ ನೋಡ್ಕೊಂಡು ಮಲಗಿದ್ದೆ. ಇವರಿಗೆ ಈಜು ಬರತ್ತೆ. ನನಗೆ ಎದ್ದು ಕೂರೋಕೂ ಆಗಲ್ಲ.”

ಆಚಾರರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಚಂದ್ರಪ್ರಭಾ ಅಳತೆಯ ಟೇಪು ಬಿಚ್ಚಿದಾಗ ಅವರೇ ಬಂದು, ಮೊಣಕಾಲೂರಿ, ಅದರ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದರು.