ಕರೆಂಟು ಗಾಡಿಯ ಪಾಪ

"ಹೇಳ್ರೀ ಸತೀಶ್, ಹೂವಪ್ಪನ ಜೀವಕ್ಕೆ ಯಾರು ಜವಾಬ್ದಾರಿ?"

ಪರಮೇಶ್ ಮೇಜು ಕುಟ್ಟಿದ ರಭಸಕ್ಕೆ ಶಿವಮೊಗ್ಗದ ಕೋಟೆ ಗೋಡೆಯ ಒಂದೆರಡು ಕಲ್ಲಾದರೂ ಅಲುಗಿರಬೇಕು. ಅವನು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಟೆರೇಸಿನಲ್ಲಿ ನೆರೆದ ಅಷ್ಟೂ ಮನೆಯವರು ಸತೀಶನನ್ನೇ ನೋಡುತ್ತಿದ್ದರು. ಆ ಕಣ್ಣುಗಳ ಉರಿಯಲ್ಲಿ ಒಂದು ಮದುವೆಯ ಅಡುಗೆ ಬೇಯಿಸಬಹುದಿತ್ತು.

ಶುಕ್ರವಾರ ಮುಸ್ಸಂಜೆ ಕೆಳಗಿನ ಪಾರ್ಕಿಂಗಿಗೆ ಬಿದ್ದ ಬೆಂಕಿ ಅಂತಿಂಥದ್ದಲ್ಲ. ಅದರ ಹೊಗೆಗೆ ಸಕ್ರೆಬೈಲಿನ ಆನೆಗಳು ಸಾಲಾಗಿ ನಿಂತು ಸೀನಿದವು. ಬೈಕು, ಸ್ಕೂಟರು, ಕಾರು, ಎಲ್ಲವೂ ಬರೀ ಎಲುಬು. ವಾಚ್‌ಮನ್ ಹೂವಪ್ಪ ಬಕೆಟ್ ಹಿಡಿದು ಒಳಗೆ ನುಗ್ಗಿದವನು ಹೊರಗೆ ಬರಲಿಲ್ಲ. ಒದ್ದೆ ಕಂಬಳಿ ಹೊದ್ದು ಅವನನ್ನು ಎಳೆದು ತಂದವನು ಸತೀಶನೇ. ಅಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿತ್ತು.

ಬೆಂಕಿ ಎಲ್ಲಿಂದ ಹೊತ್ತಿತು ಎಂದು ಅವತ್ತು ನೋಡಿದವರು ಒಬ್ಬರೂ ಇರಲಿಲ್ಲ. ಮರುದಿನ ಕಾಫಿಯ ಹೊತ್ತಿಗೆ ನೋಡದವರು ಒಬ್ಬರೂ ಉಳಿದಿರಲಿಲ್ಲ.

"ನೀಲಿ ಜ್ವಾಲೆ ಕಣ್ರೀ! ಇವರ ಸ್ಕೂಟರಿಂದ ಬುಸ್ ಅಂತ ಎದ್ದಿದ್ದನ್ನ ಈ ಕಣ್ಣಲ್ಲಿ ನೋಡ್ದೆ," ಎಂದಳು ಎರಡನೇ ಮಹಡಿಯ ಧನಲಕ್ಷ್ಮಿ. ಆ ಹೊತ್ತಿನಲ್ಲಿ ಅವಳು ಗಾಂಧಿ ಬಜಾರಿನಲ್ಲಿ ಸೀರೆ ನೋಡುತ್ತಿದ್ದಳು.

"ಬ್ಯಾಟರಿ ಢಮ್ ಅಂತ ಸಿಡೀತು!" ಎಂದರು ಇನ್ನೊಬ್ಬರು.

ಸಿಡಿದದ್ದು ಟೈರುಗಳು ಎಂದು ಅಗ್ನಿಶಾಮಕದವರು ಹೇಳಿದ್ದರು. ಎಲ್ಲ ಬೂದಿಯಾಗಿದೆ, ಇಂಥದ್ದೇ ಕಾರಣ ಅನ್ನೋಕಾಗಲ್ಲ ಎಂದೂ ಹೇಳಿದ್ದರು. ಕೇಳಿಸಿಕೊಳ್ಳಲು ಯಾರಿಗೆ ಪುರುಸೊತ್ತು? ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಎಲೆಕ್ಟ್ರಿಕ್ ಗಾಡಿ. ಅದು ಬಂದ ದಿನವೇ ಪರಮೇಶ್, "ಇದು ಮಲಗಿರೋ ಬಾಂಬು ಮಾರಾಯ್ರೇ" ಎಂದಿದ್ದ. ಪಾರ್ಕಿಂಗಿನಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿ ಎಂದರೆ, ಏಳು ಜನ್ಮಕ್ಕೂ ಇಲ್ಲ ಎಂದಿದ್ದ. ಅವನ ಹಳೇ ಬೈಕಿನಿಂದ ತೊಟ್ಟಿಕ್ಕುತ್ತಿದ್ದ ಪೆಟ್ರೋಲು ತುಂಗೆಗೆ ಒಂದು ಉಪನದಿಯಾಗುವಷ್ಟಿತ್ತು. ಅದಕ್ಕೆ ಮಾತ್ರ ಯಾರೂ ಹೆದರಲಿಲ್ಲ. ಪೆಟ್ರೋಲು ಅಜ್ಜನ ಕಾಲದಿಂದ ಮನೆಯ ನೆಂಟ.

"ನಿಮ್ಮ ಗಾಡಿಯಿಂದ ಅಲ್ಲ ಅಂತ ತೋರಿಸಿ," ಎಂದ ಪರಮೇಶ್. "ಇಲ್ಲಾಂದ್ರೆ ಬರೋ ಭಾನುವಾರದೊಳಗೆ ಮನೆ ಖಾಲಿ ಮಾಡಿ. ಪೊಲೀಸ್ ಕಂಪ್ಲೇಂಟೂ ಆಗತ್ತೆ."

ಸತೀಶ ತಲೆ ತಗ್ಗಿಸಿ ಕೂತಿದ್ದ. ಹೆಂಡತಿ ಲಿಖಿತಾ ಮೊಣಕೈಯಲ್ಲಿ ತಿವಿದಳು. "ಹೇಳಿಬಿಡ್ರೀ. ಇನ್ನೂ ಎಷ್ಟು ದಿನ ಬಾಯಿ ಮುಚ್ಕೊಂಡಿರ್ತೀರಿ?"

"ಹೇಳ್ತೀನಿ. ನಾಳೆ ಭದ್ರಾವತಿಯ ಜನ್ನಾಪುರಕ್ಕೆ ಹೋಗಿ ಬರ್ತೀನಿ. ಮೊದಲು ಹೂವಪ್ಪನ ಹೆಂಡ್ತಿ ಮುಖ ನೋಡ್ಬೇಕು."

"ಬಸ್ಸಲ್ಲೇ ಹೋಗಪ್ಪಾ," ಹಿಂದಿನಿಂದ ಯಾರೋ ಕುಟುಕಿದರು. "ಭದ್ರಾವತಿನಾದ್ರೂ ಉಳೀಲಿ!"

ನಕ್ಕರು. ಸಾವಿನ ಮನೆಯಲ್ಲೂ ನಗು ಹುಟ್ಟಿಸುವ ಪ್ರತಿಭೆ ಆ ಕಟ್ಟಡದ ಹೊರತು ಮೂರು ಲೋಕದಲ್ಲಿ ಬೇರೆಲ್ಲೂ ಇಲ್ಲ.

ಜನ್ನಾಪುರದ ಆ ಶೀಟಿನ ಮನೆಯಲ್ಲಿ ಹೂವಪ್ಪನ ಹೆಂಡತಿ ಸಣ್ಣಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣೀರಿಗೆ ಭದ್ರಾ ಕಾಲುವೆ ಕಟ್ಟೆ ಒಡೆದು ಹರಿಯಬೇಕಿತ್ತು. ಆದರೆ ಅವಳು ಅತ್ತಿರಲೇ ಇಲ್ಲ. ಗಂಡನನ್ನು ಮಣ್ಣು ಮಾಡಿದಂದಿನಿಂದ ಒಂದು ಹನಿ ಉದುರಿಲ್ಲ, ಅನ್ನ ಮುಟ್ಟಿಲ್ಲ, ಕಣ್ಣು ಮುಚ್ಚಿಲ್ಲ ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲೇ ಪಿಸುಗುಟ್ಟಿ ಹೋದಳು.

"ನೀವೇನಪ್ಪಾ, ಆ ಕರೆಂಟು ಗಾಡಿಯೋರು?"

"ಹೌದಮ್ಮ."

ಸಣ್ಣಮ್ಮ ಎದ್ದು ಬಾಗಿಲು ಹಾಕಿದಳು.

"ಒಂದು ಕೇಳ್ತೀನಿ. ಮಂಜುನಾಥನ ಆಣೆ, ನಿಜ ಹೇಳ್ಬೇಕು. ಶುಕ್ರವಾರ ಸಂಜೆ ಎಲ್ಲ ಗಾಡಿಗೂ ಸಾಂಬ್ರಾಣಿ ಹೊಗೆ ಹಾಕಿ ದೃಷ್ಟಿ ತೆಗೆಯೋದು ನಮ್ಮನೆಯವರ ಪದ್ಧತಿ. ನಿಮ್ಮ ಗಾಡಿನ ಎಲ್ರೂ ಶಪಿಸ್ತಾರೆ, ಪಾಪ ಒಳ್ಳೆ ಹುಡುಗ ಅಂತ ಬೇಜಾರು ಮಾಡ್ಕೊಂಡಿದ್ರು. ಹಂಗಾದ್ರೆ ಈ ಸಲ ಕೆಂಡ ಜಾಸ್ತಿ ಮಾಡ್ಕೊಳ್ಳಿ, ಆ ಗಾಡಿಗೆ ಇನ್ನೊಂದು ಸುತ್ತು ಹಾಕಿ ಅಂದೆ. ತೆಂಗಿನ ಚಿಪ್ಪು ಕಟ್ಟಿ ಕಳಿಸಿದ್ದೂ ನಾನೇ." ಅವಳ ದನಿ ನೆಲಕ್ಕಿಳಿಯಿತು. "ಆ ಕೆಂಡ ಏನಾದ್ರೂ ಕೆಳಗೆ ಬಿತ್ತಾ? ನಾನೇ ಅವರನ್ನ ಸುಟ್ಟೆನಾ?"

ದಾರಿಯುದ್ದಕ್ಕೂ ಬಸ್ಸಿನಲ್ಲಿ ಉರು ಹೊಡೆದು ತಂದಿದ್ದ ಮಾತನ್ನು ಸತೀಶ ಅಲ್ಲೇ ಕೈಬಿಟ್ಟ. ಅವನು ಚಾಪೆಯ ಅಂಚನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ.

"ಇಲ್ಲಮ್ಮ. ಕೆಂಡ ಅಲ್ಲ. ನನ್ನ ಗಾಡಿನೇ. ಕಣ್ಣಾರೆ ಕಂಡೆ."

ಕೆನ್ನೆಗೆ ಬಿದ್ದ ಏಟಿಗೆ ಭದ್ರಾವತಿಯ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. "ನಿನ್ನ ಮನೆ ಹಾಳಾಗ! ನಿನ್ನ ಗಾಡಿಗೆ ಮಾರಿ ಬರ! ಅದಕ್ಕೂ ಒಳ್ಳೇದಾಗ್ಲಿ ಅಂದ್ಕೊಂಡ್ರಲ್ಲೋ ಪಾಪಿ!" ಹೊಡೆದ ಕೈಯಿಂದಲೇ ಅವನ ಅಂಗಿ ಹಿಡಿದು ಸಣ್ಣಮ್ಮ ಅತ್ತಳು. ಎದೆ ಹರಿಯುವಂತೆ ಅತ್ತಳು. ಸತೀಶ ಅಂಗಿ ಬಿಡಿಸಿಕೊಳ್ಳಲಿಲ್ಲ. ಅತ್ತು ಅತ್ತು ಸಾಕಾಗಿ, ಅವಳು ಅಲ್ಲೇ ಚಾಪೆಯ ಮೇಲೆ ಮಗುವಿನಂತೆ ನಿದ್ದೆ ಹೋದಳು.

ಬಸ್‌ಸ್ಟ್ಯಾಂಡಿನಿಂದ ಅವನು ಲಿಖಿತಾಗೆ ಫೋನ್ ಮಾಡಿದ.

"ಹೇಳಿದ್ರಾ?"

"ಹೇಳ್ದೆ. ನಮ್ಮ ಗಾಡಿನೇ ಅಂತ. ಬೇರೆ ಮನೆ ನೋಡೋಣ."

ಲಿಖಿತಾ ನಿಂತಿದ್ದ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕ, ಆ ಸ್ಕೂಟರಿನ ಬ್ಯಾಟರಿ ಇತ್ತು. ಶುಕ್ರವಾರ, ಬೆಂಕಿ ಬೀಳುವ ಮೊದಲೇ, ಕೆಲಸದಿಂದ ಬಂದವನೇ ಸತೀಶ ಅದನ್ನು ಗಾಡಿಯಿಂದ ಕಳಚಿ, ಯಾರಿಗೂ ಕಾಣದಂತೆ ಮೇಲೆ ತಂದು, ಚಾರ್ಜಿಗೆ ಇಟ್ಟಿದ್ದ.